ವನ್ಸ್ ಮೋರ್

ಕಂಪನಿ ನಾಟಕಗಳ ಕಾಲದಲ್ಲಿ ರಂಗದ ಮೇಲೆ ಸತ್ತವರು ಎದ್ದು ಹಾಡುತ್ತಿದ್ದರಂತೆ. ಯುದ್ಧದಲ್ಲಿ ಬಿದ್ದ ವೀರ ಕೊನೆಯ ಹಾಡು ಹಾಡಿ ಕಣ್ಣು ಮುಚ್ಚುತ್ತಾನೆ. ಹಿಂದಿನ ಬೆಂಚುಗಳಿಂದ ‘ವನ್ಸ್ ಮೋರ್’ ಎಂಬ ಕೂಗು ಏಳುತ್ತದೆ. ವೀರ ಎದ್ದು ಕೂತು ಕಿರೀಟ ಸರಿಮಾಡಿಕೊಳ್ಳುತ್ತಾನೆ, ಲೆಗ್ ಹಾರ್ಮೋನಿಯಂ ಮೇಷ್ಟ್ರ ಕಡೆ ಒಮ್ಮೆ ನೋಡುತ್ತಾನೆ, ಅದೇ ಹಾಡನ್ನು ಇನ್ನಷ್ಟು ಏರಿಸಿ ಹಾಡಿ ಮತ್ತೊಮ್ಮೆ ಸಾಯುತ್ತಾನೆ. ಜನ ಸುಮ್ಮನಿರದಿದ್ದರೆ ಮೂರನೇ ಸಲವೂ ಸಾಯಬೇಕು. ಹಿರಿಯರು ಇದನ್ನು ಹೇಳುವಾಗ ನಾವು ನಗುತ್ತೇವೆ. ಕಥೆಯ ಕುತ್ತಿಗೆ ಹಿಸುಕಿದ ಈ ಪದ್ಧತಿಯನ್ನು ರಂಗಭೂಮಿಯನ್ನು ಗಂಭೀರವಾಗಿ ತೆಗೆದುಕೊಂಡವರು ಬೈದದ್ದೂ ಉಂಟು.

ಅವರು ಬೈದದ್ದರಲ್ಲಿ ತಪ್ಪಿಲ್ಲ. ಆದರೂ ಆ ಕೂಗಿನಿಂದ ಆದ ಒಂದು ಕೆಲಸವನ್ನು ಗಮನಿಸಿ. ಅಂಥ ಎಷ್ಟೋ ನಾಟಕಗಳನ್ನು ಇವತ್ತು ಯಾರೂ ಆಡುವುದಿಲ್ಲ, ಓದುವುದೂ ಇಲ್ಲ. ಅವುಗಳ ಹಾಡುಗಳು ಮಾತ್ರ ಉಳಿದಿವೆ. ರಂಗಗೀತೆಗಳೆಂದು ಅವುಗಳದೇ ಕಛೇರಿ ನಡೆಯುತ್ತದೆ. ನಾಟಕದ ಹೆಸರು ಕೇಳದವರೂ ಮುಂದೆ ಕೂತು ತಲೆದೂಗುತ್ತಾರೆ. ಹಾಡನ್ನು ಕಥೆಯಿಂದ ಬಿಡಿಸಿ ಅದರ ಕಾಲ ಮೇಲೆ ಅದನ್ನು ನಿಲ್ಲಿಸಿದವರು ನಾಟಕಕಾರರಲ್ಲ, ನಟರೂ ಅಲ್ಲ. ಹಿಂದಿನ ಬೆಂಚಿನ ಜನ.

ಸಂಗೀತದಲ್ಲಿ ಹೊಸ ಪ್ರಕಾರವೊಂದು ಹೇಗೆ ಹುಟ್ಟುತ್ತದೆ ಎಂದು ಯೋಚಿಸಲು ಕೂತಾಗ ನಮ್ಮ ಮನಸ್ಸು ಒಬ್ಬ ಪ್ರತಿಭಾವಂತನನ್ನು ಹುಡುಕುತ್ತದೆ. ಯಾರೋ ಒಬ್ಬರು ಮೊದಲು ಮಾಡಿರಬೇಕು, ಅವರ ಹೆಸರು, ಊರು, ಇಸವಿ ಸಿಕ್ಕರೆ ಸಾಕು ಎನ್ನಿಸುತ್ತದೆ. ಆದರೆ ಮೊದಲು ಮಾಡಿದ್ದರಿಂದಲೇ ಏನೂ ಆಗುವುದಿಲ್ಲ ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ಸಾಕ್ಷಿ ಇದೆ.

ಮುಂಬಯಿಯ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಚರಣಜಿತ್ ಸಿಂಗ್ 1982ರಲ್ಲಿ ಒಂದು ಎಲ್ಪಿ ಹೊರತಂದರು. ಹತ್ತು ರಾಗಗಳು, ಡಿಸ್ಕೊ ತಾಳ, ಎಲ್ಲವೂ ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ. ಭೈರವ, ಲಲಿತ, ತೋಡಿ ಮುಂತಾದ ಬೆಳಗಿನ ರಾಗಗಳೂ ಅದರಲ್ಲಿದ್ದವು. ಜಪಾನಿನ ರೋಲ್ಯಾಂಡ್ ಕಂಪನಿಯ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆಯನ್ನು ಅವರು ಅದಕ್ಕೆ ಬಳಸಿದ್ದರು. ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವನಿಗೆ ಜೊತೆಗೆ ಬೇಸ್ ನುಡಿಸಿಕೊಡಲಿ ಎಂದು ತಯಾರಾದ ಯಂತ್ರ ಅದು. ಬೇಸ್ ಗಿಟಾರಿನ ಹಾಗೆ ಅದು ಕೇಳಿಸಲೇ ಇಲ್ಲ; ಮಾರುಕಟ್ಟೆಯಲ್ಲಿ ಸೋತಿತು, ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಸಿಂಗ್ ಅವರ ತಟ್ಟೆಯನ್ನು ಇವತ್ತು ಹಾಕಿದರೆ, ಮುಂದೆ ಜಗತ್ತೆಲ್ಲ ‘ಆ್ಯಸಿಡ್ ಹೌಸ್’ ಎಂದು ಕುಣಿದ ಸಂಗೀತಕ್ಕೆ ಆಶ್ಚರ್ಯವಾಗುವಷ್ಟು ಹತ್ತಿರ ಕೇಳಿಸುತ್ತದೆ. ಆ ಸಂಗೀತಕ್ಕೆ ಹೆಸರು ಕೊಟ್ಟ ರೆಕಾರ್ಡು ಹೊರಬಂದದ್ದು 1987ರಲ್ಲಿ, ಅಮೆರಿಕದ ಶಿಕಾಗೋದಲ್ಲಿ. ಅಂದರೆ ನಮ್ಮವರು ಐದು ವರ್ಷ ಮುಂದಿದ್ದರು. ಮುಂದಿದ್ದು ಏನು ಬಂತು? ತಟ್ಟೆಯನ್ನು ಯಾರೂ ಕೇಳಲಿಲ್ಲ. 2010ರಲ್ಲಿ ಮರುಮುದ್ರಣವಾದ ಮೇಲೆ ಜಗತ್ತು ಅವರನ್ನು ಹುಡುಕಿಕೊಂಡು ಬಂತು. ಮುಪ್ಪಿನಲ್ಲಿ ಅವರು ಹೊರದೇಶಗಳಲ್ಲಿ ಕಾರ್ಯಕ್ರಮ ಕೊಟ್ಟು, 2015ರಲ್ಲಿ ತೀರಿಕೊಂಡರು.

ಶಿಕಾಗೋದಲ್ಲಿ ನಡೆದದ್ದೇ ಬೇರೆ. ಮೂವರು ಕರಿಯ ಹುಡುಗರು, ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ತಂದ ಅದೇ ಪೆಟ್ಟಿಗೆ. ಅದನ್ನು ನುಡಿಸುವ ಕ್ರಮ ಗೊತ್ತಿಲ್ಲದೆ ಗುಂಡಿಗಳನ್ನು ಅತ್ತಿತ್ತ ತಿರುಗಿಸುತ್ತ ಕೂತಾಗ ಜೀರುಂಡೆಯ ಹಾಗೆ ಚೀರುವ, ನುಲಿಯುವ ಸದ್ದೊಂದು ಬಂತು. ಅದನ್ನು ಟೇಪ್ ಮಾಡಿ ಮ್ಯೂಸಿಕ್ ಬಾಕ್ಸ್ ಎಂಬ ಕ್ಲಬ್ಬಿನಲ್ಲಿ ರೆಕಾರ್ಡು ಹಾಕುತ್ತಿದ್ದ ರಾನ್ ಹಾರ್ಡಿಯ ಕೈಗೆ ಕೊಟ್ಟರು. ಆ ಹುಡುಗರಲ್ಲೊಬ್ಬ ಮುಂದೆ ಮತ್ತೆ ಮತ್ತೆ ಹೇಳಿದ ಕಥೆ ಇದು: ಹಾರ್ಡಿ ಮೊದಲ ಸಲ ಹಾಕಿದಾಗ ಕುಣಿಯುತ್ತಿದ್ದವರು ಜಾಗ ಖಾಲಿ ಮಾಡಿದರು. ಅವನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದ. ಅದೇ ರಾತ್ರಿ ಮೂರನೇ ಸಲವೂ ಹಾಕಿದ. ನಾಲ್ಕನೇ ಸಲಕ್ಕೆ ಜನ ಹುಚ್ಚೆದ್ದು ಕುಣಿದರು.

ಆ ನಾಲ್ಕನೇ ಸಲ ನನ್ನನ್ನು ಕಾಡುತ್ತದೆ. ಟೇಪಿನಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ, ಬದಲಾದದ್ದು ಕಿವಿ. ಮೊದಲ ಸಲ ಗದ್ದಲ, ಎರಡನೇ ಸಲ ಕಿರಿಕಿರಿ, ಮೂರನೇ ಸಲ ಎಲ್ಲೋ ಕೇಳಿದ್ದೀನಲ್ಲ ಎಂಬ ಸಂಶಯ, ನಾಲ್ಕನೇ ಸಲ ಅದು ನಮ್ಮದು. ಹೊಸ ಸದ್ದನ್ನು ಒಬ್ಬರೇ ಹುಟ್ಟಿಸಬಹುದು. ಪ್ರಕಾರ ಹುಟ್ಟಬೇಕಾದರೆ ‘ಅಂಥದೇ ಇನ್ನೊಂದು’ ಎಂದು ಕೇಳುವ ಜನ ಒಂದೇ ಕಡೆ ನೆರೆದಿರಬೇಕು, ಅವರನ್ನು ನಾಲ್ಕನೇ ಸಲದವರೆಗೆ ಕಾಯಿಸುವ ಧೈರ್ಯ ಒಬ್ಬನಿಗಾದರೂ ಇರಬೇಕು. ಚರಣಜಿತ್ ಸಿಂಗ್ ಅವರಿಗೆ ಇಲ್ಲದೆ ಹೋದದ್ದು ಅಂಥ ಒಂದು ಕೋಣೆ.

ಜಮೈಕಾದ ಕಿಂಗ್‌ಸ್ಟನ್ನಿನ ಬೀದಿಗಳಲ್ಲಿ ಈ ಕೋಣೆ ಬಯಲಲ್ಲೇ ಇತ್ತು. ಲಾರಿಯಷ್ಟು ಸ್ಪೀಕರುಗಳನ್ನು ಪೇರಿಸಿ ಹಾಡು ಹಾಕುವ ‘ಸೌಂಡ್ ಸಿಸ್ಟಂ’ಗಳ ಸುತ್ತ ಬಡವರು ಕುಣಿಯುತ್ತಿದ್ದರು. ಹಾಡು ಹಿಡಿಸಿದರೆ ಕೂಗು ಹಾಕುತ್ತಾರೆ, ರೆಕಾರ್ಡು ಹಾಕುವವನು ಮುಳ್ಳನ್ನು ಎತ್ತಿ ಮತ್ತೆ ಮೊದಲಿನಿಂದ ಬಿಡುತ್ತಾನೆ. ಇದು ನಮ್ಮ ಹಿಂದಿನ ಬೆಂಚೇ ಅಲ್ಲವೆ? 1960ರ ದಶಕದ ಕೊನೆಯಲ್ಲಿ ಅಲ್ಲಿ ನಡೆದದ್ದೆಂದು ಹೇಳುವ ಪ್ರಸಂಗವೊಂದಿದೆ. ರೆಕಾರ್ಡು ಕೊರೆಯುವಾಗ ಎಂಜಿನಿಯರ್ ಗಾಯಕರ ದನಿ ಸೇರಿಸುವುದನ್ನು ಮರೆತ. ಬರೀ ವಾದ್ಯಗಳಿದ್ದ ಆ ತಟ್ಟೆಯನ್ನು ಕುಣಿತದ ಜಾಗದಲ್ಲಿ ಹಾಕಿದಾಗ, ಖಾಲಿ ಬಿಟ್ಟ ಜಾಗದಲ್ಲಿ ಜನರೇ ಹಾಡತೊಡಗಿದರು. ಮರೆವು ಅಲ್ಲಿಂದ ಮುಂದೆ ಪದ್ಧತಿಯಾಯಿತು. ರೇಡಿಯೊ ರಿಪೇರಿ ಮಾಡುತ್ತಿದ್ದ ಕಿಂಗ್ ಟಬ್ಬಿ ಅದನ್ನು ಹಿಡಿದು, ದನಿಯನ್ನು ಅಳಿಸಿ, ತಾಳವನ್ನು ಮುಂದೆ ತಂದು, ಪ್ರತಿಧ್ವನಿ ಬೆರೆಸಿ ‘ಡಬ್’ ಎಂಬುದನ್ನು ಕಟ್ಟಿದ. ಕಿಂಗ್‌ಸ್ಟನ್ನಿನಿಂದ ಹುಡುಗನಾಗಿದ್ದಾಗಲೇ ನ್ಯೂಯಾರ್ಕಿಗೆ ವಲಸೆ ಹೋದ ಕೂಲ್ ಹರ್ಕ್ ಈ ಕೂಗನ್ನು ಕಿವಿಯಲ್ಲಿಟ್ಟುಕೊಂಡೇ ಹೋಗಿರಬೇಕು. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ ಸೆಡ್ಜ್‌ವಿಕ್ ಅವೆನ್ಯೂದ ಬಹುಮಹಡಿ ಕಟ್ಟಡವೊಂದರಲ್ಲಿ ಅವನ ತಂಗಿ ಔತಣವೊಂದನ್ನು ಏರ್ಪಡಿಸಿದ್ದಳು. ಇವನದು ರೆಕಾರ್ಡು ಹಾಕುವ ಕೆಲಸ. ಹಾಡು ನಿಂತು ಬರೀ ಡ್ರಮ್ಮಿನ ತಾಳ ಉಳಿಯುವ ಆ ಕೆಲವು ಸೆಕೆಂಡುಗಳಿಗಾಗಿ ಕುಣಿಯುವವರು ಕಾಯುತ್ತಾರೆಂದು ಅವನು ಕಂಡುಕೊಂಡಿದ್ದ. ಒಂದೇ ಹಾಡಿನ ಎರಡು ತಟ್ಟೆ ಇಟ್ಟುಕೊಂಡು, ಒಂದರಲ್ಲಿ ತಾಳ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಶುರುಮಾಡಿ ಆ ಸೆಕೆಂಡುಗಳನ್ನು ನಿಮಿಷಗಳಾಗಿಸಿದ. ಜನ ಕೂಗುವ ಮುಂಚೆಯೇ ‘ವನ್ಸ್ ಮೋರ್’. ಹಿಪ್‌ಹಾಪ್ ಅಲ್ಲಿಂದ ಬಂತು ಎನ್ನುತ್ತಾರೆ. ಆ ರಾತ್ರಿ ಅಲ್ಲಿದ್ದ ಯಾರಿಗೂ ಆ ಹೆಸರು ಗೊತ್ತಿರಲಿಲ್ಲ.

ನಮ್ಮ ಮನೆಯೊಳಗೇ ಹೀಗೊಂದು ಹುಟ್ಟು ನಡೆದಿದೆ, ಸದ್ದು ಗದ್ದಲವಿಲ್ಲದೆ. ಸುಗಮ ಸಂಗೀತ. ಇವತ್ತು ಅದು ಎಷ್ಟು ಸಹಜವೆಂದರೆ, ಕನ್ನಡದ ಕವಿತೆ ಹುಟ್ಟುವಾಗಲೇ ರಾಗ ಹೊತ್ತು ಬಂದಿತೆಂದು ಎಳೆಯರು ತಿಳಿದಿರಬಹುದು. ನವೋದಯದ ಕವಿಗಳಲ್ಲಿ ಬೇಂದ್ರೆಯವರಂಥವರು ತಾವೇ ಹಾಡಿದಂತೆ ಓದುತ್ತಿದ್ದರು, ನಿಜ. ಆದರೆ ವಾದ್ಯಗಳ ಜೊತೆ, ವೇದಿಕೆಯ ಮೇಲೆ, ಬರೀ ಕನ್ನಡ ಕವಿತೆಗಳನ್ನೇ ಸಂಜೆಯಿಡೀ ಹಾಡಿ ಜನರನ್ನು ಕೂರಿಸಬಹುದು ಎಂದು ತೋರಿಸಿದವರಲ್ಲಿ ಮೊದಲು ನೆನಪಾಗುವುದು ಪಿ. ಕಾಳಿಂಗರಾಯರು. 1914ರಲ್ಲಿ ಉಡುಪಿ ಸೀಮೆಯ ಆರೂರಿನಲ್ಲಿ ಹುಟ್ಟಿ, ನಾಟಕ ಸಿನಿಮಾಗಳನ್ನು ಹಾದು ಬಂದವರು. ಜೊತೆಗೆ ಮೋಹನಕುಮಾರಿ, ಸೋಹನಕುಮಾರಿ. ಬೇಂದ್ರೆ, ಕುವೆಂಪು, ರಾಜರತ್ನಂ, ಅಡಿಗರು ಅವರ ಕಂಠದಲ್ಲಿ ಪುಸ್ತಕ ಕಾಣದ ಮನೆಗಳಿಗೂ ಹೋದರು. ಕರ್ನಾಟಕ ಸಂಗೀತದವರ ಕಣ್ಣಿಗೆ ಇದು ಸಂಗೀತವಲ್ಲ. ಹಾಡಿದರೆ ಕವಿತೆ ಕೆಡುತ್ತದೆ ಎನ್ನುವವರ ಕಣ್ಣಿಗೆ ಇದು ಕಾವ್ಯವೂ ಅಲ್ಲ. ಎರಡೂ ಮನೆಯವರು ಒಳಗೆ ಸೇರಿಸದಿದ್ದಾಗ ಜಗಲಿಯಲ್ಲೇ ಸಂಸಾರ ಹೂಡಿದಂತಾಯಿತು.

ಕವಿತೆಗೆ ಇಲ್ಲಿ ಏನಾಯಿತು ಎಂಬುದನ್ನು ತುಸು ನಿಧಾನವಾಗಿ ನೋಡಬೇಕು. ಹಾಳೆಯ ಮೇಲಿನ ಕವಿತೆ ಸಾಮಾನ್ಯವಾಗಿ ಮುಂದಕ್ಕೇ ಹೋಗುತ್ತದೆ, ಮೊದಲ ಸಾಲು ಒಮ್ಮೆ ಬಂದು ಹೋದರೆ ಮುಗಿಯಿತು. ಹಾಡುವವರು ಆ ಸಾಲನ್ನು ಪಲ್ಲವಿ ಮಾಡಿಕೊಂಡರು. ಪ್ರತಿ ಚರಣದ ಕೊನೆಗೆ ಅದು ಮತ್ತೆ ಬರಬೇಕು. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಹತ್ತು ಹನ್ನೆರಡು ಪದ್ಯಗಳ ಕವಿತೆಯಲ್ಲಿ ಮೂರೋ ನಾಲ್ಕೋ ಉಳಿದವು. ನಡುವೆ ಕೊಳಲು, ಪಿಟೀಲು, ತಬಲ. ಕವಿ ನೇರವಾಗಿ ಹೇಳಿದ್ದನ್ನು ಗಾಯಕರು ವೃತ್ತವಾಗಿ ಬಾಗಿಸಿದರು. ಕೆಲವು ಕವಿತೆಗಳಿಗೆ ಇದರಿಂದ ಅನ್ಯಾಯವಾಗಿದೆ, ಅನುಮಾನವಿಲ್ಲ: ಹಾಡಿನಲ್ಲಿ ಕೇಳಿ ಮೆಚ್ಚಿದ್ದನ್ನು ಪುಸ್ತಕದಲ್ಲಿ ಓದಿದಾಗ, ಬಿಟ್ಟ ಪದ್ಯಗಳಲ್ಲೇ ಕವಿತೆಯ ತಿರುಳು ಇತ್ತಲ್ಲ ಎಂದು ಎಷ್ಟೋ ಸಲ ಅನ್ನಿಸಿದೆ. ಆದರೂ ಆ ಮರಳಿ ಬರುವ ಸಾಲಿಲ್ಲದೆ ಕೇಳುವವರು ಜೊತೆಗೆ ಹಾಡುವುದಾದರೂ ಹೇಗೆ?

ಇದೇ ಹೊತ್ತಿಗೆ ಸರ್ಕಾರವೂ ಒಂದು ಪ್ರಕಾರವನ್ನು ಹುಟ್ಟಿಸಲು ಹೊರಟಿತ್ತು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಕಂಡರಾಗದು. ಆಕಾಶವಾಣಿಯಲ್ಲಿ ಅದನ್ನು ಅದುಮಿದರು. ಕೇಳುಗರು ಮುಳ್ಳನ್ನು ರೇಡಿಯೊ ಸಿಲೋನಿನ ಕಡೆ ತಿರುಗಿಸಿಕೊಂಡರು. ಸಿನಿಮಾ ಹಾಡಿನ ಜಾಗಕ್ಕೆ ಲಘು ಸಂಗೀತವನ್ನು ಕೂರಿಸುವ ಪ್ರಯತ್ನ ನಡೆಯಿತು. ಕಡೆಗೆ 1957ರಲ್ಲಿ ವಿವಿಧ ಭಾರತಿ ಶುರುಮಾಡಿ ಸಿನಿಮಾ ಹಾಡನ್ನು ಒಳಗೆ ಬಿಟ್ಟುಕೊಳ್ಳಲೇಬೇಕಾಯಿತು. ಹಾರ್ಮೋನಿಯಮ್ಮನ್ನಂತೂ 1940ರಿಂದ ಸುಮಾರು ಮೂವತ್ತು ವರ್ಷ ರೇಡಿಯೊದಿಂದ ಹೊರಗೇ ಇಟ್ಟಿದ್ದರು, ಊರೂರಿನ ಭಜನೆ ನಾಟಕಗಳೆಲ್ಲ ಅದರ ಮೇಲೇ ನಡೆಯುತ್ತಿದ್ದರೂ. ಆಜ್ಞೆಯಿಂದ ಸಂಗೀತ ಹುಟ್ಟುವುದಿಲ್ಲ ಎನ್ನಲು ಇಷ್ಟು ಸಾಕು ಎನ್ನಿಸಬಹುದು. ಆದರೆ ಕನ್ನಡದ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ಲಘು ಸಂಗೀತಕ್ಕೆಂದು ತೆರೆದ ಆ ಹೊತ್ತುಗಳಲ್ಲಿ ಹಾಡಲು ನಮ್ಮಲ್ಲಿ ಕವಿತೆಗಳು ರಾಶಿ ಬಿದ್ದಿದ್ದವು, ಹಾಡುವವರೂ ಇದ್ದರು. ಬೆಳಗ್ಗೆ ರೇಡಿಯೊ ಹಚ್ಚಿದ ಮನೆಯಲ್ಲಿ ಅದೇ ಭಾವಗೀತೆ ಈ ವಾರವೂ ಬಂತು, ಮುಂದಿನ ವಾರವೂ ಬಂತು. ಶಿಕಾಗೋದಲ್ಲಿ ಒಂದು ರಾತ್ರಿಗೆ ಮುಗಿದ ಕೆಲಸಕ್ಕೆ ಇಲ್ಲಿ ವರ್ಷಗಳು ಹಿಡಿದವು, ಅಷ್ಟೆ.

ಆಮೇಲೆ ಕ್ಯಾಸೆಟ್ ಬಂತು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಗೀತೆಗಳ ‘ನಿತ್ಯೋತ್ಸವ’, ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ; ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಅದಕ್ಕೆ ಹೆಸರು. ರೇಡಿಯೊದಲ್ಲಿ ಯಾವಾಗ ಬರುತ್ತದೋ ಎಂದು ಕಾಯುವ ಕಾಲ ಮುಗಿಯಿತು. ಬೇಕಾದ ಹಾಡಿಗೆ ಹಿಂದಕ್ಕೆ ಸುತ್ತಿಕೊಂಡರಾಯಿತು, ಗುಂಡಿ ಸವೆದರೆ ಪೆನ್ಸಿಲ್ ಇದ್ದೇ ಇತ್ತು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಿಂದ ಪುಸ್ತಕವಾಗಿ ಕೈಯಿಂದ ಕೈಗೆ ಹೋಗಿತ್ತು, ಸಿ. ಅಶ್ವತ್ಥರ ಸಂಯೋಜನೆಯಲ್ಲಿ ಅದು ಅಡುಗೆಮನೆಯ ಗೂಡಿಗೆ ಬಂತು. ಅಶ್ವತ್ಥರು ಐಟಿಐ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು, ಶಿವಮೊಗ್ಗ ಸುಬ್ಬಣ್ಣ ವಕೀಲರು. ಸಂಗೀತವನ್ನೇ ನಂಬಿ ಬದುಕಬೇಕಾಗಿಲ್ಲದವರ ಕೈಯಲ್ಲಿ ಒಂದು ಪ್ರಕಾರ ಬೆಳೆಯಿತು ಎಂಬುದನ್ನು ಯಾರೂ ಅಷ್ಟಾಗಿ ಗಮನಿಸಿಲ್ಲ. ತಿಂಗಳ ಸಂಬಳ ಬರುವ ಮನುಷ್ಯ ನಾಲ್ಕನೇ ಸಲದವರೆಗೆ ಕಾಯಬಲ್ಲ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥರು ‘ಕನ್ನಡವೇ ಸತ್ಯ’ ನಡೆಸಿದಾಗ ಜನ ಕಿಕ್ಕಿರಿದು ಬಂದು ಹಾಡುಗಳನ್ನು ಒಟ್ಟಿಗೆ ಹಾಡಿದರು. ಹಾಡಬೇಕಾದ ಸಾಲುಗಳೆಲ್ಲ ಅವರಿಗೆ ಬರುತ್ತಿದ್ದವು.

ಇನ್ನು ಮುಂದೆ ಏನು? ಈ ಪ್ರಶ್ನೆಗೆ ಈಗ ಎಲ್ಲರೂ ಒಂದೇ ದಿಕ್ಕಿಗೆ ಕೈ ತೋರಿಸುತ್ತಾರೆ. ಎರಡು ಸಾಲು ಬರೆದು ಕೊಟ್ಟರೆ ಯಂತ್ರವೇ ಹಾಡು ಕಟ್ಟಿ, ಹಾಡಿ, ವಾದ್ಯ ಸೇರಿಸಿ ನಿಮಿಷದೊಳಗೆ ಕೊಡುತ್ತದೆ. ಯಕ್ಷಗಾನದ ಚೆಂಡೆಗೆ ಜಾಝ್ ಬೆರೆಸು ಎಂದರೆ ಬೆರೆಸುತ್ತದೆ. ಹೊಸ ಸದ್ದಿಗೆ ಇನ್ನು ಬರವಿಲ್ಲ. ಪ್ರಕಾರಗಳ ಹೆಸರಿಗೂ ಬರವಿಲ್ಲ: ಸ್ಪಾಟಿಫೈಯ ಮಾಹಿತಿ ಇಟ್ಟುಕೊಂಡು ಜಗತ್ತಿನ ಸಂಗೀತ ಪ್ರಕಾರಗಳ ನಕ್ಷೆ ಬರೆದವರೊಬ್ಬರು ಆರು ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಗುರುತಿಸಿದ್ದರು. ಆದರೆ ಯಂತ್ರ ಕೊಡುವುದೆಲ್ಲ ಮೊದಲನೆಯ ಹಾಡು. ಹಿಡಿಸದಿದ್ದರೆ ಇನ್ನೊಂದು, ಅದೂ ಮೊದಲನೆಯದೇ. ಸ್ಪಾಟಿಫೈ ಮೂವತ್ತು ಸೆಕೆಂಡು ಕೇಳಿದರೆ ಒಂದು ಕೇಳ್ವಿ ಎಂದು ಲೆಕ್ಕ ಹಿಡಿಯುತ್ತದೆ. ಅಷ್ಟರೊಳಗೆ ಮನಸ್ಸು ಹಿಡಿಯದ ಹಾಡನ್ನು ಹೆಬ್ಬೆರಳು ದಾಟಿಸಿಬಿಡುತ್ತದೆ. ಆ ಶಿಕಾಗೋದ ಟೇಪು ಇಲ್ಲಿಗೆ ಬಂದಿದ್ದರೆ ಮೊದಲ ಸಲಕ್ಕೇ ಸತ್ತಿರುತ್ತಿತ್ತು, ಎದ್ದು ಕೂರುವ ಪ್ರಶ್ನೆಯೇ ಇಲ್ಲ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಮುಂದೊಂದು ದಿನ ಯಾರೋ ಹುಡುಗಿ ಅದರ ಗುಂಡಿಗಳನ್ನು ತಪ್ಪಾಗಿ ತಿರುಗಿಸುತ್ತ ಕೂತು, ತಯಾರಿಸಿದವರು ಕೇಳಿದರೆ ಹಣೆ ಚಚ್ಚಿಕೊಳ್ಳುವಂಥದ್ದನ್ನು ಹೊರಡಿಸಬಹುದು. ಅದನ್ನು ಕೇಳಲು ನಾಲ್ಕು ಜನ ಒಂದೆಡೆ ಕೂರುತ್ತಾರೆಯೇ, ಎಲ್ಲರ ಕಿವಿಯಲ್ಲೂ ಅವರವರದೇ ಹಾಡು ಇರುವಾಗ?

ಹಾಗಾಗಿ ಕಾಲು ಹೊರಗಿಡಬೇಕು. ಕಬ್ಬು ಕಡಿಯುವ ಕಾಲದಲ್ಲಿ ಬಾಗಲಕೋಟೆ, ಬೆಳಗಾವಿ, ವಿಜಯಪುರದ ರಸ್ತೆಗಳಲ್ಲಿ ಬೆಳಗಿನ ಜಾವ ನಿಂತರೆ, ಟ್ರ್ಯಾಕ್ಟರ್ ಕಾಣುವುದಕ್ಕೆ ಮುಂಚೆ ಹಾಡು ಬರುತ್ತದೆ. ಎರಡು ಟ್ರೇಲರ್ ಕಬ್ಬು, ಡ್ರೈವರಿನ ಬೆನ್ನ ಹಿಂದೆ ಸ್ಪೀಕರ್ ಪೆಟ್ಟಿಗೆಗಳ ಸಾಲು, ಬಣ್ಣದ ಸೀರಿಯಲ್ ಲೈಟು. ಹಾಡಿಗೆ ಅಲ್ಲಿನವರು ‘ಜಾನಪದ’ ಎಂದೇ ಹೇಳುತ್ತಾರೆ. ವಿದ್ವಾಂಸರು ಜಾನಪದ ಎನ್ನುವುದಕ್ಕೂ ಇದಕ್ಕೂ ಸಂಬಂಧ ಹುಡುಕಲು ಕಷ್ಟಪಡಬೇಕು: ಕೀಬೋರ್ಡು, ರಿದಮ್ ಪ್ಯಾಡು, ಯಂತ್ರದಲ್ಲಿ ನೆಟ್ಟಗೆ ಮಾಡಿದ ಗಂಟಲು, ಡ್ರೈವರಿನ ದಿಮಾಕು, ಕೈಕೊಟ್ಟ ಹುಡುಗಿ, ಫೋನ್ ಎತ್ತದ ಗೆಳತಿ. ಭಾಷೆ ಮಾತ್ರ ಅಪ್ಪಟ ಆ ಸೀಮೆಯದು. ಹಾಡುವವರು ಹೊಲಮನೆಯ ಹುಡುಗರು. ಹಾಡು ಯೂಟ್ಯೂಬಿಗೆ ಏರಿ, ಟ್ರ್ಯಾಕ್ಟರುಗಳಿಗೆ ಇಳಿದು, ಜಾತ್ರೆಗೆ, ಮದುವೆಯ ಡಿಜೆಗೆ ಹೋಗುತ್ತದೆ. ಕಾರ್ಖಾನೆಯ ಮುಂದೆ ಸರದಿಗಾಗಿ ಕಾಯುವ ಟ್ರ್ಯಾಕ್ಟರುಗಳ ಉದ್ದನೆಯ ಸಾಲಿನಲ್ಲಿ ಒಬ್ಬ ಡ್ರೈವರಿನ ಹಾಡು ಎಲ್ಲ ಡ್ರೈವರುಗಳ ಕಿವಿಗೂ ಬೀಳುತ್ತದೆ, ಬೇಡವೆಂದರೂ. ಕಿಂಗ್‌ಸ್ಟನ್ನಿನ ಬೀದಿ ಯಾರಿಗೂ ನೆನಪಾಗದಿದ್ದರೂ ಪರವಾಗಿಲ್ಲ. ಹರದೇಶಿ–ನಾಗೇಶಿ ಮೇಳಗಳು ರಾತ್ರಿಯಿಡೀ ಸವಾಲು ಜವಾಬು ಹಾಡಿದ ಸೀಮೆಯಿದು, ಕೂಗಿ ಕೇಳುವ ಜನ ಅಲ್ಲಿಗೆ ಹೊಸಬರಲ್ಲ.

ಈ ಹಾಡುಗಳೆಲ್ಲ ಚೆನ್ನಾಗಿವೆ ಎಂದು ನಾನು ಹೇಳಲಾರೆ. ಬಹಳಷ್ಟು ಒಂದೇ ಅಚ್ಚು, ಕೆಲವುಗಳ ಮಾತು ಹೆಣ್ಣುಮಕ್ಕಳು ಕೇಳಿಕೊಂಡು ನಿಲ್ಲುವಂಥದ್ದಲ್ಲ. ಹಿಂದಿನ ಗಾಡಿಯ ಹಾರ್ನ್ ಕೇಳಿಸದೆ ಅಪಘಾತವಾಗುತ್ತದೆಂದು ಪೊಲೀಸರು ಆ ಪೆಟ್ಟಿಗೆಗಳನ್ನು ಬಿಚ್ಚಿಸುವುದೂ ನ್ಯಾಯವೇ. ಆದರೆ ಮುಂದಿನ ಸಂಗೀತ ಎಲ್ಲಿಂದ ಬರಬಹುದು ಎಂದು ಯಾರಾದರೂ ಕೇಳಿದರೆ ನಾನು ಸ್ಟುಡಿಯೊದ ಕಡೆಗಿಂತ ಆ ಸಾಲಿನ ಕಡೆಗೆ ಕೈ ತೋರಿಸುತ್ತೇನೆ. ಅಲ್ಲಿ ಅಂಥದೇ ಇನ್ನೊಂದು ಬೇಕು ಎನ್ನುವವರಿದ್ದಾರೆ. ಇದು ಜಾನಪದವಲ್ಲ ಎಂದು ಬಲ್ಲವರೂ, ಇದು ಸಂಗೀತವೇ ಅಲ್ಲ ಎಂದು ಕಛೇರಿಯವರೂ ಹೇಳುತ್ತಿದ್ದಾರೆ. ಎರಡೂ ಕಡೆಯಿಂದ ಒಟ್ಟಿಗೆ ಈ ಮಾತು ಬಂದಾಗ ಸ್ವಲ್ಪ ಕಿವಿಗೊಡುವುದು ಒಳ್ಳೆಯದು.

ಶಿಶುನಾಳ ಶರೀಫರು ತತ್ವಪದ ಹಾಡಿಕೊಂಡು ತಿರುಗಿದ್ದು ಹತ್ತೊಂಬತ್ತನೇ ಶತಮಾನದ ಹಳ್ಳಿಗಳಲ್ಲಿ. ಇವತ್ತು ರಾಜ್ಯ ಸರ್ಕಾರ ಸುಗಮ ಸಂಗೀತಕ್ಕೆ ಕೊಡುವ ಪ್ರಶಸ್ತಿ ಅವರ ಹೆಸರಿನಲ್ಲಿದೆ. ಸುಗಮ ಸಂಗೀತಕ್ಕೆ ತರಗತಿಗಳಿವೆ, ಸ್ಪರ್ಧೆಗಳಿವೆ, ಹೀಗೇ ಹಾಡಬೇಕು ಎನ್ನುವ ತೀರ್ಪುಗಾರರಿದ್ದಾರೆ. ಟ್ರ್ಯಾಕ್ಟರಿನ ಹಾಡಿಗೂ ಅಂಥ ದಿನ ಬಂದರೆ ನನಗೆ ಆಶ್ಚರ್ಯವಿಲ್ಲ. ಈಗಿನ ಹುಡುಗರು ಆಗ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ, ಹೊಸದಾಗಿ ಬಂದಿರುವ ಯಾವುದೋ ಗದ್ದಲವನ್ನು ಹಾಡೆಂದು ಕರೆಯುವುದು ಹೇಗೆ ಎಂದು ಪಕ್ಕದವರನ್ನು ಕೇಳುತ್ತಿರುತ್ತಾರೆ.